ನಮ್ಮದೇ ಕಾರು, ನಮ್ಮದೇ ತಪ್ಪು: ಕ್ಯಾಲಿಫೋರ್ನಿಯಾದಲ್ಲಿ ಚಿಕ್ಕ ಆಕ್ಸಿಡೆಂಟನ್ನು ಡಿಎಂವಿಗೆ ತಿಳಿಸುವುದು ಹೇಗೆ

ಅಕ್ಟೋಬರ್ ಕೊನೆಯ ಭಾನುವಾರ, ಆ ವರ್ಷದ ಮೊದಲ ಮಳೆ. ವಾಟ್ಸನ್‌ವಿಲ್ ಕಡೆಯಿಂದ ಎರಡು ಚೀಲ ಸೇಬು ತುಂಬಿಕೊಂಡು ಸ್ಯಾಂಟಾ ಕ್ರೂಜ್ ಬೆಟ್ಟದ ಒಳರಸ್ತೆಯಲ್ಲಿ ಬರುತ್ತಿದ್ದೆ. ಬೇಸಿಗೆಯಿಡೀ ಒಂದು ಹನಿ ಬೀಳದ ರಸ್ತೆ. ಅದರ ಮೇಲೆ ಎಣ್ಣೆ, ಧೂಳು, ಟೈರಿನ ಪುಡಿ ಎಲ್ಲ ಕೂತಿರುತ್ತದೆ. ಮೊದಲ ಮಳೆ ಬಿದ್ದಾಗ ಅದು ಸೋಪು ಹಚ್ಚಿದ ಬಚ್ಚಲಿನ ಹಾಗೆ. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ನಿಧಾನವಾಗಿ, ಏನೂ ಅವಸರವಿಲ್ಲದ ಹಾಗೆ ಪಕ್ಕಕ್ಕೆ ಸರಿದು, ಯಾರದೋ ಮನೆಯ ಮುಂದಿನ ಅಂಚೆ ಡಬ್ಬಿಯನ್ನು ಕಂಬ ಸಮೇತ ಮಲಗಿಸಿ, ಬೇಲಿಯ ಎರಡು ಹಲಗೆ ಮುರಿದು ನಿಂತಿತು.

ಮೊದಲು ಬಂದ ಯೋಚನೆ: ಸದ್ಯ, ಯಾರೂ ನೋಡಲಿಲ್ಲ. ಎರಡನೆಯದು: ನಂದೇ ಕಾರು, ನಂದೇ ತಪ್ಪು, ಇನ್ಯಾರಿಗೆ ಹೇಳಬೇಕು? ಮೊದಲನೆಯದು ನಾಚಿಕೆಗೇಡು, ಎರಡನೆಯದು ತಪ್ಪು ತಿಳಿವಳಿಕೆ. ಮನೆಯವರಿಗೆ ಚೀಟಿ ಬರೆದಿಟ್ಟೆ, ಪೊಲೀಸರಿಗೆ ಫೋನ್ ಮಾಡಿದೆ, ಮಾರನೇ ದಿನ ಇನ್ಶೂರೆನ್ಸ್‌ಗೂ ಹೇಳಿದೆ. ಮುಗೀತು ಅಂದುಕೊಂಡೆ. ಒಂಬತ್ತನೇ ದಿನ ಆಫೀಸಿನಲ್ಲಿ ಊಟ ಮಾಡುವಾಗ ಈ ಕಥೆ ಹೇಳಿದರೆ, ಎದುರು ಕೂತವರು ಕೇಳಿದ್ದು ಒಂದೇ ಮಾತು: "ಎಸ್‌ಆರ್-1 ಹಾಕಿದ್ರಾ?" ಆ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಆಕ್ಸಿಡೆಂಟ್ ಆಯಿತು ಅಂತ ಡಿಎಂವಿಗೆ, ಅಂದರೆ ಲೈಸೆನ್ಸ್ ಕೊಡುವ ರಾಜ್ಯದ ವಾಹನ ಇಲಾಖೆಗೆ, ಕೊಡಬೇಕಾದ ವರದಿಯ ಫಾರ್ಮ್ ಅದು. ಅವತ್ತು ರಾತ್ರಿಯೇ ಕೂತು ತುಂಬಿ ಕಳಿಸಿದೆ. ಗಡುವು ಇದ್ದಿದ್ದು 10 ದಿನ.

ಎರಡು ಕಾರು ಗುದ್ದಿಕೊಂಡರೆ ಎದುರಿನವರು ಕೇಳುತ್ತಾರೆ, ಅವರ ಇನ್ಶೂರೆನ್ಸ್ ಕೇಳುತ್ತದೆ, ಹೇಗೋ ಎಲ್ಲ ಕಾಗದವೂ ಹೊರಗೆ ಬರುತ್ತವೆ. ಒಂಟಿ ಕಾರಿನ ಆಕ್ಸಿಡೆಂಟ್‌ನಲ್ಲಿ ನೆನಪಿಸುವವರು ಯಾರೂ ಇರುವುದಿಲ್ಲ. ತೊಡಕು ಇರುವುದೇ ಅಲ್ಲಿ. ಹೇಳಬೇಕಾದ ಜಾಗ ನಾಲ್ಕು: ಹಾಳಾದ ವಸ್ತುವಿನ ಮಾಲೀಕರು, ಪೊಲೀಸರು, ಡಿಎಂವಿ, ನಿಮ್ಮ ಇನ್ಶೂರೆನ್ಸ್ ಕಂಪನಿ. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ಹೇಳಿದ ಹಾಗೆ ಆಗುವುದಿಲ್ಲ. ಒಬ್ಬೊಬ್ಬರ ಗಡುವೂ ಬೇರೆ.

ನಮ್ಮೂರಿನ ಅಭ್ಯಾಸ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಂಬಕ್ಕೆ ಕಾರು ತಾಗಿಸಿಕೊಂಡವರು ಯಾರಾದರೂ ಆರ್‌ಟಿಒ ಆಫೀಸಿಗೆ ಹೋಗಿ "ಸಾರ್, ಹೀಗಾಯ್ತು" ಅಂತ ಹೇಳಿದ್ದು ಕೇಳಿದ್ದೀರಾ? ಅಲ್ಲಿ ಏನಿದ್ದರೂ ಪೊಲೀಸ್ ಸ್ಟೇಷನ್, ಇಲ್ಲಾ ಇನ್ಶೂರೆನ್ಸ್. ಇಲ್ಲಿ ಹಾಗಲ್ಲ. ಲೈಸೆನ್ಸ್ ಕೊಡುವ ಇಲಾಖೆಗೇ, ಓಡಿಸುತ್ತಿದ್ದವರೇ ಬರೆದು ತಿಳಿಸಬೇಕು.

ಕೆಳಗೆ ಬರೆದಿರುವುದು ಕ್ಯಾಲಿಫೋರ್ನಿಯಾದ ಕ್ರಮ. ಬೇರೆ ರಾಜ್ಯದವರಿಗೆ ಕೊನೆಯಲ್ಲಿ ಒಂದೆರಡು ಮಾತು ಇದೆ.

ಮೊದಲ ಹತ್ತು ನಿಮಿಷ

ನಿಲ್ಲಿಸಿ. ಕಂಬವೋ ಬೇಲಿಯೋ, ತಾಗಿದ್ದು ಏನೇ ಆದರೂ ಕಾರು ನಿಲ್ಲಲೇಬೇಕು. ಹಾಗಂತ ತಿರುವಿನ ನಡುವೆಯೇ ನಿಲ್ಲಬೇಕಿಲ್ಲ. ಹತ್ತಿರದಲ್ಲೇ, ಬೇರೆಯವರ ದಾರಿಗೆ ಅಡ್ಡಿಯಾಗದ ಜಾಗಕ್ಕೆ ಸರಿಸಿ ನಿಲ್ಲಿಸಬಹುದು, ಕಾನೂನಿನಲ್ಲೂ ಹಾಗೇ ಇದೆ. ಹಜಾರ್ಡ್ ಲೈಟ್ ಹಾಕಿ. ಕಾರಿನಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿ: ಕುತ್ತಿಗೆ ನೋವಾ, ತಲೆ ತಾಗಿತಾ, ಸೀಟ್ ಬೆಲ್ಟ್ ಒತ್ತಿದ ಕಡೆ ಉರೀತಿದೆಯಾ? ಇದನ್ನು ಬರೀ ಕಾಳಜಿಗೆ ಹೇಳುತ್ತಿಲ್ಲ. ಎಷ್ಟೇ ಚಿಕ್ಕ ಗಾಯವಾದರೂ ಡಿಎಂವಿ ವರದಿ ಕಡ್ಡಾಯ. ಯಾರಿಗಾದರೂ ಪೆಟ್ಟಾಗಿದ್ದರೆ, ವಿದ್ಯುತ್ ತಂತಿ ಜೋತು ಬಿದ್ದಿದ್ದರೆ, ಗ್ಯಾಸ್ ವಾಸನೆ ಬಂದರೆ, ಹೈಡ್ರಂಟ್ ಮುರಿದು ನೀರು ಚಿಮ್ಮುತ್ತಿದ್ದರೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ತಂತಿ ಕಾರಿನ ಮೇಲೇ ಬಿದ್ದಿದ್ದರೆ ಕೆಳಗೆ ಇಳಿಯಲೇಬೇಡಿ, ಒಳಗಿಂದಲೇ ಫೋನ್ ಮಾಡಿ.

ಇದೇನೂ ಇಲ್ಲದಿದ್ದರೆ ಫೋಟೋ ತೆಗೆಯಿರಿ. ಎಲ್ಲರೂ ಬಂಪರ್ ಹತ್ತಿರ ಬಗ್ಗಿ ಐದಾರು ಫೋಟೋ ತೆಗೆದು ಸುಮ್ಮನಾಗುತ್ತಾರೆ. ಆಮೇಲೆ ಬೇಕಾಗುವುದು ದೂರದಿಂದ ತೆಗೆದವು: ತಿರುವು, ಒದ್ದೆ ರಸ್ತೆ, ಟೈರು ಜಾರಿದ ಗುರುತು, ರಸ್ತೆಯ ಹೆಸರಿನ ಫಲಕ, ಮನೆಯ ನಂಬರು. ಮುರಿದಿದ್ದರ ಫೋಟೋ ಹೇಗೂ ಬೇಕು. ಅದರ ಪಕ್ಕದಲ್ಲಿ ಮುರಿಯದೇ ಉಳಿದಿದ್ದರದ್ದೂ ಇರಲಿ. ನನ್ನ ವಿಷಯದಲ್ಲಿ ಇದೇ ಕೆಲಸಕ್ಕೆ ಬಂತು. ಬೇಲಿಯ ಮೂರನೇ ಹಲಗೆ ಮೊದಲೇ ಕೊಳೆತು ಬಾಗಿತ್ತು. ಫೋಟೋದಲ್ಲಿ ಅದರ ಮೇಲೆ ಹಸಿರು ಪಾಚಿ ನೋಡಿದವರಿಗೆಲ್ಲ ಕಾಣುವ ಹಾಗಿತ್ತು. ಹಲಗೆ ಎರಡೋ ಮೂರೋ ಅನ್ನುವ ಮಾತೇ ಬರಲಿಲ್ಲ.

ಕಾರು ಮತ್ತೆ ಸ್ಟಾರ್ಟ್ ಮಾಡುವ ಮೊದಲು ಬಗ್ಗಿ ಕೆಳಗೆ ನೋಡಿ. ಹಸಿರೋ ಕಿತ್ತಳೆಯೋ ಬಣ್ಣದ ನೀರು ತೊಟ್ಟಿಕ್ಕುತ್ತಿದ್ದರೆ ಅದು ಕೂಲಂಟ್, ಓಡಿಸಬೇಡಿ. ಬಂಪರ್ ಟೈರಿಗೆ ಉಜ್ಜುತ್ತಿದ್ದರೂ ಅಷ್ಟೇ.

ಮಾಲೀಕರು ಮನೆಯಲ್ಲಿ ಇಲ್ಲದಿದ್ದರೆ ಚೀಟಿ

ಹೆಚ್ಚಿನವರು ಎಡವುವುದು ಈ ಜಾಗದಲ್ಲಿ. ಕ್ಯಾಲಿಫೋರ್ನಿಯಾ ವೆಹಿಕಲ್ ಕೋಡ್‌ನ 20002ನೇ ಸೆಕ್ಷನ್ ಪ್ರಕಾರ, ಬೇರೆಯವರ ಆಸ್ತಿಗೆ ಹಾನಿ ಮಾಡಿದವರು ಮಾಲೀಕರನ್ನು ಹುಡುಕಿ ತಿಳಿಸಬೇಕು. ಸಿಗದಿದ್ದರೆ ಎದ್ದು ಕಾಣುವ ಜಾಗದಲ್ಲಿ ಚೀಟಿ ಬಿಟ್ಟು, ತಡಮಾಡದೆ ಪೊಲೀಸರಿಗೂ ಹೇಳಬೇಕು. ಚೀಟಿ ಒಂದೇ ಸಾಲದು, ಪೊಲೀಸರಿಗೆ ಹೇಳಿದ್ದು ಒಂದೇ ಸಾಲದು, ಎರಡೂ ಆಗಬೇಕು. ಮಾಡದೆ ಹೊರಟರೆ ಅದು ಹಿಟ್ ಅಂಡ್ ರನ್. ಅಂಚೆ ಡಬ್ಬಿಯಾದರೂ ಸರಿ, ಹೆಸರು ಅದೇ. ಆರು ತಿಂಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ, ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕವಾಗಿ ಎರಡು ಪಾಯಿಂಟ್. ನಿಂತು ಚೀಟಿ ಬರೆದವನ ತಪ್ಪು ಬರೀ ಒಂದು ಆಕ್ಸಿಡೆಂಟ್. ಹೊರಟು ಹೋದವನದು ಕ್ರಿಮಿನಲ್ ಕೇಸು. ನಡುವೆ ಇರುವುದು ಐದು ನಿಮಿಷ.

ಚೀಟಿಯಲ್ಲಿ ಇರಬೇಕಾದ್ದು: ಓಡಿಸುತ್ತಿದ್ದವರ ಹೆಸರು ಮತ್ತು ವಿಳಾಸ, ಕಾರಿನ ಮಾಲೀಕರು ಬೇರೆಯವರಾದರೆ ಅವರ ಹೆಸರು ಮತ್ತು ವಿಳಾಸ, ಏನಾಯಿತು ಅನ್ನುವುದು. ಫೋನ್ ನಂಬರ್ ನಾವಾಗೇ ಸೇರಿಸುವುದು ಒಳ್ಳೆಯದು. ನನ್ನ ಹತ್ತಿರ ಕಾಗದ ಇರಲಿಲ್ಲ. ಇಂಡಿಯನ್ ಅಂಗಡಿಯ ಉದ್ದನೆಯ ರಸೀದಿ ಸಿಕ್ಕಿತು. ಅದರ ಹಿಂದೆ ಬರೆದೆ. ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಇವತ್ತು ಸಂಜೆ 4:20ಕ್ಕೆ ನನ್ನ ಕಾರು ಮಳೆಯಲ್ಲಿ ಜಾರಿ ನಿಮ್ಮ ಅಂಚೆ ಡಬ್ಬಿ ಮತ್ತು ಬೇಲಿಯ ಎರಡು ಹಲಗೆಗೆ ಬಡಿದಿದೆ. ಬಾಗಿಲು ತಟ್ಟಿದೆ, ಯಾರೂ ಇರಲಿಲ್ಲ. ಕಾರು ನನ್ನದೇ. ನನ್ನ ಹೆಸರು, ವಿಳಾಸ, ಫೋನ್ ಕೆಳಗಿದೆ." ಅಷ್ಟೇ. ಕ್ಷಮಾಪಣೆ ಪತ್ರ ಬೇಡ, "ಪೂರ್ತಿ ಖರ್ಚು ನಾನೇ ಕೊಡ್ತೀನಿ" ಅನ್ನುವ ಭರವಸೆಯೂ ಬೇಡ. ಅದು ಇನ್ಶೂರೆನ್ಸ್ ಜೊತೆ ಮಾತಾಡಿದ ಮೇಲೆ.

ಮಳೆಯಲ್ಲಿ ಬಿಟ್ಟ ಚೀಟಿ ಬೆಳಗಾಗುವುದರಲ್ಲಿ ಅಂಬಲಿ. ರಸೀದಿಯನ್ನು ಸೇಬಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಂಟು ಕಟ್ಟಿ, ಮುಂಬಾಗಿಲ ಹಿಡಿಗೆ ನೇತುಹಾಕಿದೆ. ಕಟ್ಟಿದ ಮೇಲೆ ಅದರ ಫೋಟೋ ತೆಗೆದೆ. ಈ ಫೋಟೋ ಮಾತ್ರ ಬಿಡಬೇಡಿ. ಗಾಳಿಗೆ ಚೀಟಿ ಹಾರಿ ಹೋದರೆ ನೀವು ಇಟ್ಟಿದ್ದಿರಿ ಅನ್ನುವುದಕ್ಕೆ ಅದೊಂದೇ ಸಾಕ್ಷಿ.

ಬಡಿದದ್ದು ಬೀದಿ ದೀಪ, ಸ್ಟಾಪ್ ಫಲಕ, ಹೆದ್ದಾರಿಯ ಗಾರ್ಡ್‌ರೇಲ್ ಆದರೆ ಮಾಲೀಕರು ಸಿಟಿಯವರು, ಕೌಂಟಿಯವರು, ಇಲ್ಲಾ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್. ಚೀಟಿ ಅಂಟಿಸುವ ಪ್ರಶ್ನೆ ಇಲ್ಲ, ಪೊಲೀಸರ ಮೂಲಕವೇ ತಿಳಿಸಿ. ಸರ್ಕಾರದ ಕಂಬ ಅಂತ ಪುಕ್ಕಟೆ ಅಂದುಕೊಳ್ಳಬೇಡಿ. ರಸ್ತೆಗೆ ಸೇರಿದ ವಸ್ತುವನ್ನು ಅಜಾಗರೂಕತೆಯಿಂದ ಕೆಡಿಸಿದವರು ರಿಪೇರಿ ಖರ್ಚು ಕೊಡಬೇಕು ಅಂತ ವೆಹಿಕಲ್ ಕೋಡ್‌ನ 17300ನೇ ಸೆಕ್ಷನ್ ಹೇಳುತ್ತದೆ. ನೀವು ಮರೆತ ಮೇಲೆ ಬಿಲ್ ಮನೆಗೆ ಬರುತ್ತದೆ. ಬಂದರೆ ಇನ್ಶೂರೆನ್ಸ್‌ಗೆ ಕಳಿಸಿ, ಬೇರೆಯವರಿಗೆ ಆದ ಹಾನಿ ತುಂಬಿಕೊಡುವ ಲಯಬಿಲಿಟಿ ಭಾಗದಲ್ಲಿ ಅದು ಬರುತ್ತದೆ.

ಪೊಲೀಸರಿಗೆ ಫೋನ್

ಊರೊಳಗೆ ಆದರೆ ಆ ಸಿಟಿಯ ಪೊಲೀಸರು. ಫ್ರೀವೇ ಮೇಲಾದರೆ, ಅಥವಾ ಯಾವ ಸಿಟಿಗೂ ಸೇರದ ಕೌಂಟಿ ಜಾಗವಾದರೆ ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್, ಅಂದರೆ ಸಿಎಚ್‌ಪಿ. ನನ್ನದು ಬೆಟ್ಟದ ರಸ್ತೆ, ಹಾಗಾಗಿ ಸಿಎಚ್‌ಪಿ. ಗಾಯ ಇಲ್ಲದಿದ್ದರೆ 911 ಬೇಡ, ಅವರ ತುರ್ತಲ್ಲದ ನಂಬರಿಗೆ ಮಾಡಿ.

ಪೆಟ್ಟಾಗಿಲ್ಲ, ರಸ್ತೆಗೆ ಅಡ್ಡಿ ಇಲ್ಲ ಅಂದರೆ ಅಧಿಕಾರಿ ಬಾರದೆಯೂ ಇರಬಹುದು. ಹೆಸರು, ಜಾಗ, ಏನಾಯಿತು ಅಂತ ಬರೆದುಕೊಂಡು ಒಂದು ಇನ್ಸಿಡೆಂಟ್ ನಂಬರ್ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ. ಫೋನ್ ಮಾಡಿದ ಸಮಯ ಬರೆದಿಡಿ. ಯಾರಿಗಾದರೂ ಗಾಯವಾಗಿದ್ದು, ಅಧಿಕಾರಿ ಬಂದು ವರದಿ ಮಾಡಿಕೊಂಡಿಲ್ಲದಿದ್ದರೆ 24 ಗಂಟೆಯೊಳಗೆ ನೀವೇ ಲಿಖಿತ ವರದಿ ಕೊಡಬೇಕು. ಇದು ಡಿಎಂವಿಯ 10 ದಿನದ ಲೆಕ್ಕಕ್ಕೆ ಸೇರಿದ್ದಲ್ಲ, ಬೇರೆ.

ಪೊಲೀಸ್ ವರದಿ ಆಯಿತಲ್ಲ, ಡಿಎಂವಿಗೆ ಅವರೇ ಹೇಳುತ್ತಾರೆ ಬಿಡು ಅನ್ನುವುದು ಬೇ ಏರಿಯಾದಲ್ಲಿ ನಾನು ಅತಿ ಹೆಚ್ಚು ಕೇಳಿದ ತಪ್ಪು. ನಾನೂ ಹಾಗೇ ಅಂದುಕೊಂಡಿದ್ದೆ. ಪೊಲೀಸ್ ಅಥವಾ ಸಿಎಚ್‌ಪಿ ವರದಿ ಎಸ್‌ಆರ್-1ರ ಬದಲಿಗೆ ನಡೆಯುವುದಿಲ್ಲ.

ಎಸ್‌ಆರ್-1 ಹಾಕಲೇಬೇಕಾ?

ಎರಡರಲ್ಲಿ ಒಂದು ಆಗಿದ್ದರೂ ಹಾಕಬೇಕು. ಒಂದು, ಯಾರಿಗಾದರೂ ಗಾಯವಾಗಿದೆ. ಎರಡು, ಯಾವುದೇ ಒಬ್ಬರ ಆಸ್ತಿಗೆ 1,000 ಡಾಲರ್‌ಗಿಂತ ಜಾಸ್ತಿ ಹಾನಿಯಾಗಿದೆ. 2017ಕ್ಕೆ ಮೊದಲು ಈ ಮಿತಿ 750 ಡಾಲರ್ ಇತ್ತು, ಹಳೆಯ ಸ್ನೇಹಿತರು ಆ ಅಂಕಿಯನ್ನೇ ಹೇಳಿದರೆ ಬೇಜಾರು ಬೇಡ.

"ಯಾವುದೇ ಒಬ್ಬರ" ಅನ್ನುವುದರಲ್ಲಿ ನೀವೂ ಸೇರಿದ್ದೀರಿ. ಇದು ಗಮನಕ್ಕೆ ಬರುವುದಿಲ್ಲ. ಅಂಚೆ ಡಬ್ಬಿಗೆ 150 ಡಾಲರ್, ಬೇಲಿಗೆ 200 ಡಾಲರ್ ಇರಬಹುದು. ಆದರೆ ನನ್ನ ಕಾರಿನ ಮುಂದಿನ ಬಂಪರ್, ಅದರೊಳಗಿನ ಸೆನ್ಸರ್, ಒಂದು ಹೆಡ್‌ಲೈಟ್ ಸೇರಿ ಗ್ಯಾರೇಜಿನವರು ಹೇಳಿದ್ದು 2,300. ಅಲ್ಲಿಗೆ ಮಿತಿ ದಾಟಿತು. ಬಂಪರ್ ಅಂದರೆ ಬರೀ ಪ್ಲಾಸ್ಟಿಕ್ ಅಂದುಕೊಳ್ಳುವ ಕಾಲ ಹೋಯಿತು. ಈಗ ಅದರೊಳಗೆ ರೇಡಾರ್, ಪಾರ್ಕಿಂಗ್ ಸೆನ್ಸರ್, ಕೆಲವದರಲ್ಲಿ ಕ್ಯಾಮೆರಾ ಕೂಡ ಇರುತ್ತದೆ. ಬದಲಿಸಿದ ಮೇಲೆ ಅವನ್ನು ಮತ್ತೆ ಹೊಂದಿಸಬೇಕು. ಹಾಗಾಗಿ "ಚಿಕ್ಕ ಡೆಂಟು ಅಷ್ಟೇ" ಅನ್ನುವ ಕಣ್ಣಂದಾಜು ನಂಬಬೇಡಿ. ಎರಡು ಮೂರು ದಿನದೊಳಗೆ ಒಂದು ಬಾಡಿ ಶಾಪ್‌ನಲ್ಲಿ ಎಸ್ಟಿಮೇಟ್ ಬರೆಸಿ. ಅದು 900, 950 ಅಂತ ಬಂದರೆ? ನಾನಾದರೆ ಹಾಕುತ್ತೇನೆ. ಬಂಪರ್ ಬಿಚ್ಚಿದ ಮೇಲೆ ಎಸ್ಟಿಮೇಟ್ ಮೇಲಕ್ಕೆ ಹೋಗುವುದೇ ಹೆಚ್ಚು.

ಆಗಿದ್ದು ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಅನ್ನುವ ಕಾರಣಕ್ಕೆ ಬಿಡುಗಡೆ ಇಲ್ಲ, ಖಾಸಗಿ ಜಾಗವಾದರೂ ನಿಯಮ ನಡೆಯುತ್ತದೆ. ಒಂದು ವಿನಾಯಿತಿ ಇದೆ: ರಸ್ತೆಯ ಹೊರಗೆ ಆಗಿರಬೇಕು, ಯಾರಿಗೂ ಗಾಯವಾಗಿರಬಾರದು, ಹಾಳಾದದ್ದೆಲ್ಲ ಓಡಿಸುತ್ತಿದ್ದವರದೋ ಆ ಕಾರಿನ ಮಾಲೀಕರದೋ ಆಗಿರಬೇಕು. ಅಂದರೆ ನಿಮ್ಮ ಸ್ವಂತ ಮನೆಯ ಡ್ರೈವ್‌ವೇಯಲ್ಲಿ ರಿವರ್ಸ್ ತೆಗೆಯುವಾಗ ನಿಮ್ಮದೇ ಗ್ಯಾರೇಜ್ ಬಾಗಿಲು ಮುರಿದರೆ ಡಿಎಂವಿಗೆ ಬೇಕಿಲ್ಲ. ಬಾಡಿಗೆ ಮನೆಯಾದರೆ? ಬಾಗಿಲು ಮನೆಯ ಓನರ್‌ದು. ಮಿತಿ ದಾಟಿದ್ದರೆ ವಿನಾಯಿತಿ ಇಲ್ಲ. ಸನ್ನಿವೇಲ್‌ನ ಅಪಾರ್ಟ್‌ಮೆಂಟಿನ ಕಾರ್‌ಪೋರ್ಟ್ ಕಂಬಕ್ಕೆ ತಾಗಿಸಿದವರಿಗೂ ಇದೇ ಲೆಕ್ಕ.

ಫಾರ್ಮ್ ತುಂಬುವುದು

ಡಿಎಂವಿಯ ಸ್ವಂತ ವೆಬ್‌ಸೈಟಿನಲ್ಲೇ ತುಂಬಿ ಕಳಿಸಬಹುದು. ವಿಳಾಸ ಡಾಟ್ ಗವ್ ಅಂತ ಮುಗಿಯುವುದನ್ನು ನೋಡಿಕೊಳ್ಳಿ. ಅದೇ ಹೆಸರಿನ ಹಾಗೆ ಕಾಣುವ ಖಾಸಗಿ ಸೈಟುಗಳಿವೆ. ಎಸ್‌ಆರ್-1ಗೆ ಶುಲ್ಕವೇ ಇಲ್ಲ, ಯಾರಾದರೂ ಕಾರ್ಡ್ ನಂಬರ್ ಕೇಳಿದರೆ ನೀವು ಬೇರೆಲ್ಲೋ ಇದ್ದೀರಿ. ಕಾಗದದ ಫಾರ್ಮೇ ಬೇಕೆಂದರೆ ಡಿಎಂವಿ ಅಥವಾ ಸಿಎಚ್‌ಪಿ ಆಫೀಸಿನಲ್ಲಿ ಸಿಗುತ್ತದೆ, ತುಂಬಿ ಸ್ಯಾಕ್ರಮೆಂಟೊಗೆ ಅಂಚೆಯಲ್ಲಿ ಕಳಿಸಬೇಕು. ಅಂಚೆಗೆ ಹಾಕುವವರು ಒಂಬತ್ತನೇ ದಿನದವರೆಗೆ ಕಾಯಬೇಡಿ. ನನ್ನ ಹಾಗೆ ತಡವಾದವರಿಗೆ ಆನ್‌ಲೈನೇ ಗತಿ.

ಹಾಕಬೇಕಾದವರು ಓಡಿಸುತ್ತಿದ್ದವರು, ಕಾರಿನ ಮಾಲೀಕರಲ್ಲ. ಹೆಂಡತಿಯ ಹೆಸರಿನ ಕಾರನ್ನು ಗಂಡ ಓಡಿಸುತ್ತಿದ್ದರೆ ಗಂಡ ಹಾಕಬೇಕು. ಇನ್ಶೂರೆನ್ಸ್ ಏಜೆಂಟ್, ಬ್ರೋಕರ್ ಅಥವಾ ವಕೀಲರು ನಿಮ್ಮ ಪರವಾಗಿ ಹಾಕಬಹುದು. ಆದರೆ ಹಾಕದಿದ್ದರೆ ತೊಂದರೆ ನಿಮ್ಮ ಲೈಸೆನ್ಸ್‌ಗೆ, ಅವರದ್ದಕ್ಕಲ್ಲ. ನೀವೇ ಹಾಕುವುದು ವಾಸಿ.

ಕೂರುವ ಮೊದಲು ಮೇಜಿನ ಮೇಲೆ ಇಟ್ಟುಕೊಳ್ಳಿ: ಲೈಸೆನ್ಸ್, ಕಾರಿನ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕಾರ್ಡ್, ಎಸ್ಟಿಮೇಟ್, ಚೀಟಿಯ ಫೋಟೋ. ಇಷ್ಟಿದ್ದರೆ ಅರ್ಧ ಗಂಟೆಯ ಕೆಲಸ.

ದಿನಾಂಕ, ಸಮಯ, ಜಾಗ ಮೊದಲು. ಜಾಗ ಬರೆಯುವಾಗ ರಸ್ತೆಯ ಹೆಸರಿನ ಜೊತೆ ಹತ್ತಿರದ ಅಡ್ಡರಸ್ತೆ, ಸಿಟಿ, ಕೌಂಟಿ ಇರಲಿ. ಎಷ್ಟು ವಾಹನ ಅನ್ನುವ ಕಡೆ ಒಂದು. ನಿಮ್ಮ ಹೆಸರು ಲೈಸೆನ್ಸ್‌ನಲ್ಲಿ ಇರುವ ಹಾಗೆಯೇ ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ಒಂದು, ಲೈಸೆನ್ಸ್‌ನಲ್ಲಿ ಇನ್ನೊಂದು ಆಗಿರುವ ನಮ್ಮ ಇನಿಷಿಯಲ್‌ಗಳ ಕಥೆ ಗೊತ್ತೇ ಇದೆಯಲ್ಲ. ಕಾರಿನ ಪ್ಲೇಟ್ ನಂಬರ್, ಕಾರಿನ ಗುರುತಿನ 17 ಅಕ್ಷರದ ವಿನ್ ನಂಬರ್ ರಿಜಿಸ್ಟ್ರೇಷನ್‌ನಲ್ಲಿ ಇರುತ್ತವೆ. ವಿನ್ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ದುಂಡಗೆ ಕಂಡರೆ ಅದು ಸೊನ್ನೆ, ಉದ್ದಕ್ಕೆ ಕಂಡರೆ ಒಂದು.

ಇನ್ಶೂರೆನ್ಸ್ ಭಾಗ ನಿಧಾನಕ್ಕೆ ತುಂಬಿ. ಈ ಫಾರ್ಮ್ ಇರುವುದೇ ಅದಕ್ಕೆ. ತಪ್ಪು ಯಾರದು ಅನ್ನುವುದನ್ನು ಡಿಎಂವಿ ಇಲ್ಲಿ ತೀರ್ಮಾನ ಮಾಡುವುದಿಲ್ಲ. ಆ ಹೊತ್ತಿಗೆ ಈ ಕಾರಿಗೆ, ಈ ಚಾಲಕರಿಗೆ ಇನ್ಶೂರೆನ್ಸ್ ಇತ್ತಾ ಅನ್ನುವುದಷ್ಟೇ ಅದಕ್ಕೆ ಬೇಕು. ಕಂಪನಿ ಹೆಸರಿನ ಜಾಗದಲ್ಲಿ ಏಜೆಂಟರ ಹೆಸರು ಬರೆಯಬೇಡಿ. ಕಾರ್ಡಿನ ಮೇಲಿನ ದೊಡ್ಡ ಲೋಗೋ ನೋಡಿ ಬರೆದರೂ ತಪ್ಪಾಗಬಹುದು. ಎಷ್ಟೋ ದೊಡ್ಡ ಹೆಸರುಗಳ ಕೆಳಗೆ ನಿಜವಾಗಿ ಪಾಲಿಸಿ ಕೊಟ್ಟ ಕಂಪನಿ ಬೇರೆ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಅದನ್ನು ಬರೆಯಿರಿ. ಪಕ್ಕದಲ್ಲೇ ಆ ಕಂಪನಿಯನ್ನು ಗುರುತಿಸುವ ಐದು ಅಂಕಿಯ ಎನ್‌ಎಐಸಿ ನಂಬರ್ ಇರುತ್ತದೆ, ಅದೂ ಬೇಕು. ಪಾಲಿಸಿ ನಂಬರ್, ಯಾವತ್ತಿನಿಂದ ಯಾವತ್ತಿನವರೆಗೆ ಅನ್ನುವುದು ಆಕ್ಸಿಡೆಂಟ್ ಆದ ದಿನದ್ದು. ಮಧ್ಯೆ ಪಾಲಿಸಿ ನವೀಕರಣವಾಗಿದ್ದರೆ ಪರ್ಸಿನಲ್ಲಿರುವ ಹೊಸ ಕಾರ್ಡ್ ನೋಡಿ ತುಂಬಿ ಪೇಚಿಗೆ ಸಿಗಬೇಡಿ.

ಎದುರಿನ ಪಕ್ಷದ ಭಾಗಕ್ಕೆ ಬಂದಾಗ ಕೈ ನಿಲ್ಲುತ್ತದೆ. ಎದುರಿನ ಕಾರೇ ಇಲ್ಲವಲ್ಲ! ಇನ್ನೊಬ್ಬ ಚಾಲಕರ ಭಾಗ ಖಾಲಿ ಬಿಡಿ. ಕಂಬ, ಬೇಲಿ, ಜಾನುವಾರು ಇಂಥವುಗಳಿಗೆ ಆಸ್ತಿ ಹಾನಿ ಅಂತ ಬೇರೆ ಜಾಗ ಇದೆ. ಅಲ್ಲಿ ಏನು ಹಾಳಾಯಿತು, ಮಾಲೀಕರು ಯಾರು ಅಂತ ಬರೆಯಿರಿ. ನನ್ನ ಚೀಟಿ ನೋಡಿದ ಮನೆಯಾಕೆ ಮಾರನೇ ದಿನ ಫೋನ್ ಮಾಡಿದ್ದರಿಂದ ಹೆಸರು ಸಿಕ್ಕಿತ್ತು. ಸಿಗದಿದ್ದರೆ ಆ ಮನೆಯ ವಿಳಾಸ ಬರೆದು, ಹೆಸರು ತಿಳಿದಿಲ್ಲ ಅಂತ ಹಾಕಿ. ಊಹಿಸಿ ಬರೆಯಬೇಡಿ.

ಗಾಯದ ಕಾಲಮ್ಮಿನಲ್ಲಿ ನಿಜ ಹೇಳಿ. ಹಿಂದೆ ಕೂತಿದ್ದ ಅಮ್ಮನಿಗೆ ಎರಡು ದಿನ ಭುಜ ನೋವಿದ್ದರೆ ಅದೂ ಗಾಯವೇ. "ಏನಿಲ್ಲ ಬಿಡೋ" ಅಂತ ಅಮ್ಮ ಹೇಳುತ್ತಾರೆ, ನಂಬಬೇಡಿ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಆಮೇಲೆ ಆಸ್ಪತ್ರೆ ಬಿಲ್ ಬಂದರೆ ಈ ಸಾಲು ಬೇಕಾಗುತ್ತದೆ.

ಕೊನೆಯಲ್ಲಿ ಸಹಿ, ದಿನಾಂಕ. ಕಳಿಸುವ ಮೊದಲು ಪ್ರತಿ ಉಳಿಸಿಕೊಳ್ಳಿ. ಆನ್‌ಲೈನ್ ಆದರೆ ಕೊನೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

10 ದಿನ ದಾಟಿಹೋಗಿದ್ದರೆ? ಹೇಗೂ ಹೋಯಿತಲ್ಲ ಅಂತ ಬಿಡಬೇಡಿ, ಇವತ್ತೇ ಹಾಕಿ. ವರದಿಯನ್ನೇ ಕೊಡದಿದ್ದರೆ ಲೈಸೆನ್ಸ್ ಅಮಾನತು ಮಾಡುವ ಅಧಿಕಾರ ಡಿಎಂವಿಗಿದೆ.

ಕಳಿಸಿದ ಮೇಲೆ

ಎಲ್ಲ ಸರಿಯಾಗಿದ್ದರೆ ಏನೂ ಆಗುವುದಿಲ್ಲ. ನನಗೆ ಇದೇ ಗಲಿಬಿಲಿ. ಒಂದು ವಾರ ದಿನಾ ಅಂಚೆ ಡಬ್ಬಿ ನೋಡಿದೆ, ನಮ್ಮ ಮನೆಯದ್ದು. ಡಿಎಂವಿ ನಿಮ್ಮ ಇನ್ಶೂರೆನ್ಸ್ ಕಂಪನಿಯ ಹತ್ತಿರ ಪಾಲಿಸಿ ನಿಜವೇ ಅಂತ ಖಚಿತ ಮಾಡಿಕೊಳ್ಳುತ್ತದೆ. ಹೌದು ಅಂದರೆ ಕಥೆ ಅಲ್ಲಿಗೆ ನಿಂತಿತು. ಪಾಲಿಸಿ ಇರಲಿಲ್ಲ ಅಂತಾದರೆ ಮಾತ್ರ ಪತ್ರ ಬರುತ್ತದೆ, ಅದು ಒಳ್ಳೆಯ ಪತ್ರವಲ್ಲ. ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದು ಸಾಬೀತಾದರೆ ಲೈಸೆನ್ಸ್ ನಾಲ್ಕು ವರ್ಷದವರೆಗೆ ಹೋಗಬಹುದು. ಒಂದು ವರ್ಷ ಆದ ಮೇಲೆ ಎಸ್‌ಆರ್-22 ಅನ್ನುವ ಇನ್ಶೂರೆನ್ಸ್ ಪ್ರಮಾಣಪತ್ರ ಕೊಟ್ಟು, ಮುಂದಿನ ಮೂರು ವರ್ಷ ಅದನ್ನು ಬಿಡದೆ ಇಟ್ಟುಕೊಂಡರೆ ಲೈಸೆನ್ಸ್ ವಾಪಸ್ ಸಿಗುತ್ತದೆ.

ನಿಮ್ಮ ಡ್ರೈವಿಂಗ್ ದಾಖಲೆಯಲ್ಲಿ ಆಕ್ಸಿಡೆಂಟ್ ಕಾಣಿಸುತ್ತದೆ, ಸಾಮಾನ್ಯವಾಗಿ ಮೂರು ವರ್ಷ. ಯಾರ ತಪ್ಪು ಅಂತ ನೋಡದೆ ದಾಖಲಾಗುತ್ತದೆ. ನಿಮ್ಮ ತಪ್ಪು ಅಂತಾದರೆ ಅದಕ್ಕೆ ಒಂದು ಪಾಯಿಂಟ್. 12 ತಿಂಗಳಲ್ಲಿ 4 ಪಾಯಿಂಟ್ ಆದರೆ ಡಿಎಂವಿ ನಿಮ್ಮನ್ನು ಅಜಾಗರೂಕ ಚಾಲಕರ ಪಟ್ಟಿಗೆ ಸೇರಿಸುತ್ತದೆ. ಒಂದು ಅಂಚೆ ಡಬ್ಬಿಗೆ ಅಷ್ಟು ದೂರ ಹೋಗುವುದಿಲ್ಲ.

ಇನ್ಶೂರೆನ್ಸ್: ಹೇಳುವುದು ಬೇರೆ, ಕ್ಲೇಮ್ ಬೇರೆ

ಪ್ರೀಮಿಯಂ ಏರುತ್ತದೆ ಅನ್ನುವ ಭಯಕ್ಕೆ ಇನ್ಶೂರೆನ್ಸ್‌ಗೆ ಹೇಳದೆ ಡಿಎಂವಿಗೆ ಮಾತ್ರ ಹೇಳೋಣ ಅನ್ನುವವರಿದ್ದಾರೆ. ಆಗದ ಮಾತು. ಫಾರ್ಮಿನಲ್ಲಿ ಪಾಲಿಸಿ ನಂಬರ್ ಬರೆದಿದ್ದೀರಿ, ಡಿಎಂವಿ ಅವರನ್ನೇ ಕೇಳುತ್ತದೆ. ಅಲ್ಲದೆ ಆಕ್ಸಿಡೆಂಟ್ ಆದರೆ ಬೇಗ ತಿಳಿಸಬೇಕು ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ಹೇಳಿ, ಆದರೆ ನಿಮ್ಮ ಕಾರಿನ ರಿಪೇರಿಗೆ ಕ್ಲೇಮ್ ಹಾಕಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು.

ಲೆಕ್ಕ ಹಾಕಿ ನೋಡಿ. ರಿಪೇರಿ 2,300, ನನ್ನ ಡಿಡಕ್ಟಿಬಲ್ (ಮೊದಲು ನಾವೇ ಕೈಯಿಂದ ಕೊಡಬೇಕಾದ ಪಾಲು) 1,000. ಕ್ಲೇಮ್ ಹಾಕಿದರೆ ಸಿಗುವುದು 1,300. ನಿಮ್ಮದು 1,400ರ ರಿಪೇರಿಯಾಗಿದ್ದರೆ ಸಿಗುವುದು 400, ಅದಕ್ಕಾಗಿ ಕ್ಲೇಮ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಮತದಾರರು ಒಪ್ಪಿದ ಪ್ರಪೋಸಿಷನ್ 103ರ ಪ್ರಕಾರ ಒಳ್ಳೆಯ ಚಾಲಕರಿಗೆ ಕನಿಷ್ಠ ಶೇ. 20 ರಿಯಾಯಿತಿ ಕೊಡಬೇಕು. ಮೂರು ವರ್ಷದಲ್ಲಿ ಒಂದು ಪಾಯಿಂಟ್‌ವರೆಗೆ ಆ ರಿಯಾಯಿತಿ ಉಳಿಯುತ್ತದೆ. ಹಾಗಂತ ಪ್ರೀಮಿಯಂ ಇದ್ದ ಹಾಗೇ ಇರುತ್ತದೆ ಅಂತಲ್ಲ, ಓಡಿಸಿದ ದಾಖಲೆಯೂ ದರಕ್ಕೆ ಸೇರುತ್ತದೆ.

ಒಂಟಿ ಕಾರಿನವರು ತಿಳಿದಿರಬೇಕಾದ ಒಂದು ವಿನಾಯಿತಿ ರಾಜ್ಯದ ವಿಮಾ ನಿಯಮದಲ್ಲಿದೆ. ಎಚ್ಚರದಿಂದ ಓಡಿಸುವವರ ಕಣ್ಣಿಗೂ ಬೀಳದ ಅಪಾಯದಿಂದ, ಉದಾಹರಣೆಗೆ ರಸ್ತೆಯ ಬಣ್ಣಕ್ಕೇ ಸೇರಿಹೋಗುವ ತೆಳು ಮಂಜುಗಡ್ಡೆಯಿಂದ ಆಗಿದ್ದರೆ ಅದನ್ನು ಚಾಲಕರ ತಪ್ಪು ಅಂತ ಎಣಿಸಬಾರದು. ಟ್ರಕೀ, ತಾಹೋ ಕಡೆ ಚಳಿಗಾಲದಲ್ಲಿ ಜಾರಿದವರು ಇದನ್ನು ಎತ್ತಿ ಹೇಳಿ, ಫೋಟೋ ತೋರಿಸಿ. ನಾನೂ ಪ್ರಯತ್ನಿಸಿದೆ. ಮೊದಲ ಮಳೆಗೆ ರಸ್ತೆ ಜಾರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ ಅಂತ ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ನೋಡುವ ಅಡ್ಜಸ್ಟರ್ ನಯವಾಗಿ ಹೇಳಿದರು. ಸುಮ್ನೆ ಫೋನ್ ಇಟ್ಟೆ.

ಜಿಂಕೆಗೆ ಬಡಿದರೆ ಅದು ಪಾಲಿಸಿಯ ಕಾಂಪ್ರಿಹೆನ್ಸಿವ್ ಭಾಗಕ್ಕೆ (ಕಳವು, ಬೆಂಕಿ, ಪ್ರಾಣಿ ಇಂಥವುಗಳಿಂದ ಆಗುವ ಹಾನಿ) ಬರುತ್ತದೆ. ಜಿಂಕೆ ತಪ್ಪಿಸಲು ಹೋಗಿ ಮರಕ್ಕೆ ಬಡಿದರೆ ಕೊಲಿಷನ್, ಅಂದರೆ ಗುದ್ದಿದ ಹಾನಿಯ ಭಾಗ. ಡಿಡಕ್ಟಿಬಲ್ ಬೇರೆ, ಪರಿಣಾಮವೂ ಬೇರೆ. ಹೇಳುವಾಗ ಆದದ್ದನ್ನು ಆದ ಹಾಗೇ ಹೇಳಿ.

ಬೇಲಿಯ ಖರ್ಚು ನಿಮ್ಮ ಲಯಬಿಲಿಟಿಯಿಂದ ಹೋಗುತ್ತದೆ, ಅದಕ್ಕೆ ಡಿಡಕ್ಟಿಬಲ್ ಇಲ್ಲ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಕನಿಷ್ಠ ಆಸ್ತಿ ಹಾನಿ ಮಿತಿ 5,000ದಿಂದ 15,000 ಡಾಲರ್‌ಗೆ ಏರಿದೆ. ಬೇಲಿಗೆ ಸಾಕು, ಟ್ರಾಫಿಕ್ ಸಿಗ್ನಲ್ ಕಂಬಕ್ಕೆ ಸಾಲದೆ ಇರಬಹುದು. ನಿಮ್ಮ ಪಾಲಿಸಿಯಲ್ಲಿ ಎಷ್ಟಿದೆ ನೋಡಿಕೊಳ್ಳಿ. ಕೈಯಿಂದಲೇ ಕೊಡುವುದಾದರೆ ಚೆಕ್ ಕೊಡಿ, ಇಂತಿಂಥ ಹಾನಿಗೆ ಪೂರ್ತಿ ಹಣ ಸಂದಾಯವಾಗಿದೆ ಅಂತ ಅವರ ಸಹಿ ಇರುವ ಎರಡು ಸಾಲು ಬರೆಸಿಕೊಳ್ಳಿ. ನನ್ನ ಅಂಚೆ ಡಬ್ಬಿ ಮತ್ತು ಎರಡು ಹಲಗೆ ಹೀಗೇ ಮುಗಿಯಿತು. ಆ ಮನೆಯಾಕೆ ರಸೀದಿಯ ಹಿಂದಿನ ಚೀಟಿ ಓದಿದ ಮೇಲೆ ಮುಂದೆಯೂ ಓದಿದ್ದರು. ಕೊತ್ತಂಬರಿ, ಕರಿಬೇವು, ಇಡ್ಲಿ ರವೆ. ಇಡ್ಲಿ ರವೆ ಅಂದರೆ ಏನು ಅಂತ ಕೇಳಿದರು.

ಕೆಲವರ ವಿಷಯ ಬೇರೆ

ಆಫೀಸಿನ ಕೆಲಸಕ್ಕೆ ಆಫೀಸಿನ ಕಾರು ಓಡಿಸುವಾಗ ಆಗಿದ್ದರೆ 5 ದಿನದೊಳಗೆ ಕಂಪನಿಗೆ ಹೇಳಬೇಕು, ಡಿಎಂವಿಗೆ ಹೇಳುವುದು ಕಂಪನಿಯ ಹೊಣೆ. ಬಾಡಿಗೆ ಕಾರಾದರೆ ಬಾಡಿಗೆ ಕೊಟ್ಟವರಿಗೆ ಕೂಡಲೇ ತಿಳಿಸಿ. ಅವರಿಗೆ ಹೇಳಿದ್ದರಿಂದ ನಿಮ್ಮ ಎಸ್‌ಆರ್-1 ತಪ್ಪುವುದಿಲ್ಲ.

ಎಚ್-1ಬಿ, ಗ್ರೀನ್ ಕಾರ್ಡ್ ಸಾಲಿನಲ್ಲಿರುವವರ ಭಯ ನನಗೆ ಗೊತ್ತು, ನಾನೂ ಅದೇ ಸಾಲಿನವನು. ಎಸ್‌ಆರ್-1 ಒಂದು ಆಡಳಿತದ ವರದಿ ಅಷ್ಟೇ, ಅಪರಾಧದ ದಾಖಲೆ ಅಲ್ಲ. ವೀಸಾ ಅರ್ಜಿಯ ಡಿಎಸ್-160ರಲ್ಲಿ ಕೇಳುವುದು ಬಂಧನ ಮತ್ತು ಶಿಕ್ಷೆಯ ಬಗ್ಗೆ. ಹಿಟ್ ಅಂಡ್ ರನ್ ಕೇಸು ಆದರೆ ಅಲ್ಲಿ ಉತ್ತರ ಬರೆಯಬೇಕಾದೀತು. ವೀಸಾದ ಭಯ ಇರುವವರಿಗೇ ಚೀಟಿ ಬರೆಯಲು ಕಾರಣ ಜಾಸ್ತಿ.

ಬೇರೆ ರಾಜ್ಯಗಳಲ್ಲಿ ಫಾರ್ಮಿನ ಹೆಸರು, ಮಿತಿ, ಗಡುವು ಎಲ್ಲ ಬದಲಾಗುತ್ತವೆ. ನ್ಯೂಯಾರ್ಕ್‌ನಲ್ಲಿ ಎಂವಿ-104, ಅಲ್ಲೂ 1,000 ಡಾಲರ್, 10 ದಿನ. ಒರೆಗಾನ್‌ನಲ್ಲಿ ಮಿತಿ 2,500 ಡಾಲರ್, ಆದರೆ ಗಡುವು ಬರೀ 72 ಗಂಟೆ. ಅಲ್ಲಿನ ಹಿಲ್ಸ್‌ಬರೋದಲ್ಲಿರುವ ಗೆಳೆಯರಿಗೆ ನನ್ನ ಹಾಗೆ ಒಂಬತ್ತನೇ ದಿನದ ಊಟದ ಹೊತ್ತಿನವರೆಗೆ ಕಾಯುವ ಸೌಕರ್ಯ ಇಲ್ಲ.

ಒಂದು ಉಳಿಯಿತು. ಮನೆ ಬದಲಿಸಿದರೆ 10 ದಿನದೊಳಗೆ ಡಿಎಂವಿಗೆ ಹೊಸ ವಿಳಾಸ ಕೊಡಬೇಕು. ಕೆಲಸ ಬದಲಾದಾಗೆಲ್ಲ ಫ್ರೀಮಾಂಟ್‌ನಿಂದ ಸ್ಯಾನ್ ಹೋಸೆಗೆ, ಅಲ್ಲಿಂದ ಡಬ್ಲಿನ್‌ಗೆ ಮನೆ ಬದಲಿಸುವ ನಮ್ಮಲ್ಲಿ ಇದನ್ನು ನೆನಪಿಡುವವರು ಕಡಿಮೆ. ಡಿಎಂವಿ ಪತ್ರ ಕಳಿಸುವುದು ತನ್ನ ಹತ್ತಿರ ಇರುವ ವಿಳಾಸಕ್ಕೆ. ಪಾಲಿಸಿ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿ, ಇನ್ಶೂರೆನ್ಸ್ ಇಲ್ಲ ಅಂತ ತಿಳಿದು ಅಮಾನತಿನ ನೋಟಿಸ್ ಹೊರಟರೆ ಅದು ಹಳೆಯ ಅಪಾರ್ಟ್‌ಮೆಂಟಿನ ಡಬ್ಬಿಯಲ್ಲಿ ಬಿದ್ದಿರುತ್ತದೆ. ಎಸ್‌ಆರ್-1 ಕಳಿಸಿದ ದಿನವೇ ಡಿಎಂವಿ ಸೈಟಿನಲ್ಲಿ ನಿಮ್ಮ ವಿಳಾಸ ಯಾವುದಿದೆ ಅಂತ ಒಮ್ಮೆ ತೆರೆದು ನೋಡಿ.